ಟಿಟ್ಟಿಭದ ಮೊಟ್ಟೆಗೆ ನಾಲ್ಕು ಕಲ್ಲು

ಕಳೆದ ತಿಂಗಳು ಒಂದು ಹಕ್ಕಿ ನನ್ನ ತಲೆಗೆ ಕುಕ್ಕಲಿಕ್ಕೆ ಬಂತು.

ಡೈರಿಗೆ ಹಾಲು ಕೊಟ್ಟು ಬಯಲು ದಾರಿಯಲ್ಲಿ ಮನೆಗೆ ಬರುತ್ತಿದ್ದೆ. ಅಜೆಕಾರಿನಲ್ಲಿ ಆಗ ಬಿಸಿಲೂ ಜೋರು, ಹೂವೂ ಜೋರು. ಸುರಗಿ ಮರದಡಿ ನಿಂತರೆ ಜೇನುನೊಣಗಳ ಗಲಾಟೆಗೆ ಪಕ್ಕದವರ ಮಾತು ಕೇಳುವುದಿಲ್ಲ. ಗುಡ್ಡೆ ಇಡೀ ಕೇಪುಳ ಹೂವಿನ ಕೆಂಪು. (ವಾಕಿಂಗಿನವರು ಮೊಬೈಲ್ ನೋಡಿಕೊಂಡು ಹೋಗುತ್ತಾರೆ. ಹೂವು ಅದರಲ್ಲೇ ಬರುತ್ತದೋ ಏನೋ!)

ಒಣಗಿದ ಗದ್ದೆಗೆ ಇಳಿದದ್ದೇ, ಟಿಟ್ಟಿಭ ಕೂಗಿಕೊಂಡು ಮೇಲೆರಗಿತು. ಕೂಗು ಸುಮ್ಮನೆ ಬರುತ್ತದಾ? ಬಗ್ಗಿ ಹುಡುಕಿದೆ. ಬರೀ ಮಣ್ಣಿನ ಮೇಲೆ ನಾಲ್ಕು ಮೊಟ್ಟೆ. ಮಣ್ಣಿನದ್ದೇ ಬಣ್ಣ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆಮ್ಲೆಟ್.

ಅಲ್ಲೇ ಹತ್ತಿರ ನೆರೆಮನೆಯ ಹರೀಶ ಸುಣ್ಣದ ಗೆರೆ ಎಳೆಯುತ್ತಿದ್ದ. ಭಾನುವಾರ ಕ್ರಿಕೆಟ್ ಮ್ಯಾಚ್.

"ಹಕ್ಕಿ ಮೊಟ್ಟೆ ಉಂಟು ಮಾರಾಯ. ಪಿಚ್ ಆಚೆ ಮಾಡು."

"ಎಂತ ದೊಡ್ಡಮ್ಮ, ಒಂದು ಹಕ್ಕಿಗೆ! ಬೇರೆ ಕಡೆ ಇಡಲಿ."

"ಇಟ್ಟಾಯಿತು. ಇನ್ನು ಅದು ವಾಪಸ್ ಒಳಗೆ ಹಾಕಿಕೊಳ್ಳಬೇಕಾ?"

ನಕ್ಕ. ನಾಳೆ ರೋಲರ್ ಎಳೆಯುವುದೇ ಅಂದ.

ಅವನು ಹೋದ ಮೇಲೆ ಮೊಟ್ಟೆಗಳ ಸುತ್ತ ನಾಲ್ಕು ಕಲ್ಲು ಇಟ್ಟೆ. ದೂರಕ್ಕೆ ಕಾಣಲಿ ಎಂದು ಒಂದು ಗೊಂಚಲು ಕೇಪುಳ ಸಿಕ್ಕಿಸಿದೆ. ಮಾಡಿದ್ದು ಅಷ್ಟೇ.

ಮರುದಿನ ಹೋಗುತ್ತೇನೆ, ಕಲ್ಲಿನಿಂದ ನಾಲ್ಕು ಮಾರು ದೂರದಲ್ಲಿ ಅರಶಿನ, ಬಾಳೆಹಣ್ಣು, ಒಡೆದ ತೆಂಗಿನಕಾಯಿ! ಹರೀಶ ಚಪ್ಪಲಿ ಕಳಚಿ ನಿಂತಿದ್ದಾನೆ. ರೋಲರ್ ಗದ್ದೆಯ ಇನ್ನೊಂದು ಮೂಲೆಯಲ್ಲಿ.

"ಇಲ್ಲಿ ದೈವದ ಸಾನ್ನಿಧ್ಯ ಉಂಟಂತೆ, ದೊಡ್ಡಮ್ಮ. ಕಲ್ಲು ಎದ್ದಿದೆ, ಹೂವು ಯಾರು ಇಟ್ಟದ್ದೆಂದು ಗೊತ್ತಿಲ್ಲ. ಆ ಹಕ್ಕಿ ನೋಡಿ, ಹತ್ತಿರ ಹೋಗಲಿಕ್ಕೇ ಬಿಡುವುದಿಲ್ಲ. ಕಾವಲು!"

ನಿನ್ನೆ ಬೇರೆ ಕಡೆ ಮೊಟ್ಟೆ ಇಡಬೇಕಾಗಿದ್ದ ಅದೇ ಹಕ್ಕಿ. ನಾನು ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೆ, ಅಷ್ಟೇ. ಮೊಟ್ಟೆ ಉಳಿಯಬೇಕಿತ್ತಲ್ಲ!

ಮ್ಯಾಚ್ ಆಚೆ ನಡೆಯಿತು. ಮೂರು ವಾರ ಯಾರೂ ಆ ಕಡೆ ಕಾಲಿಡಲಿಲ್ಲ. ಮೊನ್ನೆ ಮರಿಗಳು ಹೊರಬಂದವು. ಹತ್ತಿಯ ಉಂಡೆಗೆ ಕಡ್ಡಿಕಾಲು ಸಿಕ್ಕಿಸಿದ ಹಾಗೆ. ಸಂಜೆಯೊಳಗೆ ತಾಯಿಯ ಹಿಂದೆ ಓಡಿಯೇ ಹೋದವು.

ಕೆಲಸ ಮುಗಿಯಿತು ಎಂದು ಕಲ್ಲು ತೆಗೆಯಲು ಬಗ್ಗಿದೆ. ಹರೀಶ ಓಡಿಬಂದ.

"ಅಯ್ಯೋ, ಮುಟ್ಟಬೇಡಿ! ಊರವರೆಲ್ಲ ಸೇರಿ ಇಲ್ಲಿ ಕಟ್ಟೆ ಕಟ್ಟಿಸುವುದೆಂದು ಆಗಿದೆ. ಸುತ್ತ ಕಾಂಕ್ರೀಟ್, ಮೇಲೆ ಶೀಟು."

ಬರುವ ವರ್ಷ ಆ ಹಕ್ಕಿ ಮೊಟ್ಟೆ ಇಡುವುದು ಎಲ್ಲಿ, ಕಾಂಕ್ರೀಟಿನ ಮೇಲಾ?