ಹೆಬ್ಬೆಟ್ಟಿನ ಮರೆ

ನಾನು ನನ್ನ ಗಂಡನಿಗಿಂತ ಎರಡು ವರ್ಷ ದೊಡ್ಡವಳು. ಮದ್ದೂರಿನಲ್ಲಿ ಮದುವೆಯ ಮಾತಾಗುವಾಗ ನಮ್ಮಪ್ಪ ನನ್ನ ವಯಸ್ಸಿನ ನಾಲ್ಕು ವರ್ಷವನ್ನು ನುಂಗಿ ನೀರು ಕುಡಿದಿದ್ದರು. ಗಂಡನಿಗೆ ಮೊದಲ ವಾರವೇ ಹೇಳಿದೆ, ನಕ್ಕುಬಿಟ್ಟರು. ಹೆದರಿಕೆ ಇದ್ದದ್ದು ಅತ್ತೆಯದು. ಹುಡುಗಿ ಒಂದು ತಿಂಗಳು ದೊಡ್ಡವಳೆಂದು ಮೈದುನನಿಗೆ ಬಂದ ಒಳ್ಳೆಯ ಸಂಬಂಧವನ್ನೇ ಮುರಿದವರು ಅವರು. ಮೇಲಾಗಿ ರಿಟೈರಾದ ಟೀಚರಮ್ಮ, ಎಂಥ ಸಣ್ಣ ಅಕ್ಷರವನ್ನೂ ಬಿಡದೆ ಓದುತ್ತಾರೆ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದಾಗ ಊರೆಲ್ಲ ಹಿಗ್ಗಿತು, ನನಗೆ ಮಾತ್ರ ಪೀಕಲಾಟ. ವಾರಕ್ಕೊಮ್ಮೆ ಅತ್ತೆಯ ಮಂಡಿನೋವಿನ ಮಾತ್ರೆಗೆ, ನನ್ನ ಹೊಲಿಗೆಯ ದಾರಕ್ಕೆ ಇಬ್ಬರೂ ಕಿರುಗಾವಲಿನಿಂದ ಮಳವಳ್ಳಿಗೆ ಹೋಗುತ್ತೇವೆ. ಒಂದೇ ಸೀಟು. ಕಂಡಕ್ಟರ್ ಬಂದರೆ ಆಧಾರ್ ತೋರಿಸಬೇಕು. ಫೋಟೊದ ಪಕ್ಕದಲ್ಲೇ ಹುಟ್ಟಿದ ತಾರೀಕು! ಅದರ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿಯುತ್ತಿದ್ದೆ. ಒಮ್ಮೆ ಕಂಡಕ್ಟರ್ ಬೆಟ್ಟು ತೆಗೆಯಿರಿ ಎಂದ. ಮುಖ ಕಾಣುತ್ತದೆ, ಹಿಂದೆ ತಿರುಗಿಸಿದರೆ ಊರು ಕಾಣುತ್ತದೆ, ಇನ್ನೇನು ನನ್ನ ಜಾತಕ ಬೇಕೇನಪ್ಪ ಎಂದು ರೇಗಿದೆ. ಬಸ್ಸೆಲ್ಲ ನಕ್ಕಿತು. ಅತ್ತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದರು.

ಮಂಡ್ಯದಲ್ಲಿ ಕಾಲೇಜು ಓದುವ ಮಗಳು ಇದನ್ನು ಕೇಳಿ ನನ್ನ ಫೋನಿಗೆ ಹೊಸದೊಂದು ಆಧಾರ್ ಆ್ಯಪ್ ಹಾಕಿಕೊಟ್ಟಳು. ಇನ್ನು ಮೇಲೆ ಗುರುತು ನಿನ್ನ ಕೈಯಲ್ಲೇ ಇರುತ್ತದೆ, ಕೇಳಿದವರಿಗೆ ಎಷ್ಟು ಬೇಕೋ ಅಷ್ಟೇ ತೋರಿಸು, ಮಿಕ್ಕಿದ್ದು ಅವರ ಕಣ್ಣಿಗೇ ಬೀಳುವುದಿಲ್ಲ ಅಂದಳು. ಕಂಡಕಂಡಲ್ಲಿ ಜೆರಾಕ್ಸ್ ಕೊಟ್ಟು ಬರುವ ಪಾಡೂ ತಪ್ಪಿತು.

ಮುಂದಿನ ವಾರ ಬಸ್ಸಿನಲ್ಲಿ ಫೋನನ್ನು ಎತ್ತಿ ಹಿಡಿದೆ. ನನ್ನ ಮುಖ, ಊರು, ಅಷ್ಟೇ. ಖುಷಿಯೋ ಖುಷಿ. ಅದೇ ಹಿಗ್ಗಿನಲ್ಲಿ ಪಕ್ಕಕ್ಕೆ ತಿರುಗಿದರೆ, ಅತ್ತೆ ತಮ್ಮ ಕಾರ್ಡನ್ನು ಕಂಡಕ್ಟರನತ್ತ ಚಾಚಿದ್ದರು. ತಾರೀಕಿನ ಮೇಲೆ ಅವರ ಹೆಬ್ಬೆಟ್ಟು, ಉಗುರು ಬೆಳ್ಳಗಾಗುವಷ್ಟು ಒತ್ತಿ. ನನ್ನ ಬೆಟ್ಟಿನ ಚಿಂತೆಯಲ್ಲಿ ಅವರದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಕಂಡಕ್ಟರ್ ಮುಂದೆ ಹೋದ ಮೇಲೆ ಮೆಲ್ಲಗೆ ಅಂದರು: "ನಂಗೂ ಅದ ಆಕ್ಕೊಡವ್ವ. ಬೆಟ್ಟು ಮಡಗಿ ಮಡಗಿ ನಿನ್ನಂಗೇ ನಂಗೂ ಸಾಕಾಗೋಗದೆ."

ನಿನ್ನಂಗೇ! ಅಂದರೆ ನನ್ನ ಬೆಟ್ಟನ್ನು ಅವರು ಮೊದಲಿನಿಂದಲೂ ನೋಡುತ್ತಿದ್ದರು. ಆದರೆ ಅವರ ಮುಖದಲ್ಲಿ ಕೋಪವೇ ಇರಲಿಲ್ಲ. ಮಳವಳ್ಳಿ ಬರುವವರೆಗೂ ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ಮನೆಗೆ ಬಂದು ಆ್ಯಪ್ ಹಾಕಲು ಕೂತಾಗ, ಕಾರ್ಡು ನೋಡಿ ನಂಬರು ನಾನೇ ಒತ್ತುತ್ತೇನೆ, ಅಲ್ಲಿಯವರೆಗೆ ನೀನು ಗೋಡೆ ನೋಡು ಎಂದರು. ನೋಡಿದೆ. ಗೋಡೆಯ ಮೇಲೆ ಅವರ ಮದುವೆಯ ಫೋಟೊ. ಅದನ್ನು ಎಷ್ಟು ಸಾರಿ ಒರೆಸಿದ್ದೇನೋ! ಪೇಟ ಕಟ್ಟಿದ ಮಾವನವರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಪಕ್ಕದಲ್ಲಿ ಅತ್ತೆ ಅಕ್ಕನಂತೆ ನಿಂತಿದ್ದಾರೆ.

"ಏನ್ ಕಾಣ್ತದೆ ಅಲ್ಲಿ?" ಎಂದರು ಅತ್ತೆ.

"ಬರೀ ಗ್ವಾಡೆ ಕಣತ್ತೆ" ಎಂದೆ.