ಪ್ರಜೆ ಹೌದು, ನಾಗರಿಕ ಅಲ್ಲ

ಅಮೆರಿಕದ ಡೆಟ್ರಾಯಿಟ್ ಪಕ್ಕದ ನೋವೈ ಊರಿನ ಇಂಡಿಯನ್ ಅಂಗಡಿಗಳಲ್ಲಿ ಫ್ರಿಜ್ ಕೆಟ್ಟು ಕೂತರೆ ಮೊದಲು ಬಾಯಿಗೆ ಬರುವ ಹೆಸರು ನಿರಂಜನನದು. ಮೊಸರಿನ ಡಬ್ಬಗಳು ಬೆಚ್ಚಗಾಗುವುದರೊಳಗೆ ವ್ಯಾನು ತಂದು ನಿಲ್ಲಿಸಿ, ಯಂತ್ರದ ಬೆನ್ನಿಗೆ ಕಿವಿಗೊಟ್ಟು, "ಇದಕ್ಕೆ ಉಸಿರು ಕಟ್ಟಿದೆ" ಅಂತಲೋ "ಇನ್ನೊಂದು ಬೇಸಿಗೆ ತಳ್ಳುತ್ತೆ ಬಿಡಿ" ಅಂತಲೋ ಹೇಳುವ ಆಸಾಮಿ. ಐವತ್ತು ದಾಟಿದೆ, ಒಂಟಿ. ಮಾತಿನಲ್ಲಿ ಚಿಂತಾಮಣಿ ಕಡೆಯ ಎಳೆತ. ಹೋದ ಚಳಿಗಾಲದಲ್ಲಿ ಲಲಿತಮ್ಮ ತಮ್ಮ ಮಗ ವಿವೇಕನ ಜೊತೆ ಇರುವ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದ.

ಅವನ ಕೈಗೆಲಸದ ಮೇಲೆ ಲಲಿತಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮನುಷ್ಯನ ಮೇಲೆ.

ಲಲಿತಮ್ಮ ಕಂಡ ಅಮೆರಿಕದಲ್ಲಿ ಜನ ಮೂರೇ ಜಾತಿ. ವೀಸಾದವರು, ಗ್ರೀನ್ ಕಾರ್ಡಿನವರು, ಸಿಟಿಜನ್ನರು. ಒಂದು ಮೆಟ್ಟಿಲು ಹತ್ತಿಯೇ ಇನ್ನೊಂದಕ್ಕೆ ಕಾಲಿಡಬೇಕು. ಯಾರ ಮನೆ ಊಟಕ್ಕೆ ಹೋದರೂ ಪಾಯಸ ಬಡಿಸುವ ಹೊತ್ತಿಗೆ ಅದೇ ಮಾತು: ಯಾರ ಅರ್ಜಿ ಎಲ್ಲಿ ನಿಂತಿದೆ, ಯಾರದು ಮುಂದಕ್ಕೆ ಹೋಯಿತು. ಆ ಮಾತು ಶುರುವಾದರೆ ಸಾಕು, ನಿರಂಜನ ಕೈ ತೊಳೆಯಲು ಎದ್ದುಬಿಡುತ್ತಿದ್ದ. ವೀಸಾದಲ್ಲಿ ಬಂದೆ ಎನ್ನಲಿಲ್ಲ, ಗ್ರೀನ್ ಕಾರ್ಡಿಗೆ ಕಾದೆ ಎನ್ನಲಿಲ್ಲ, ಸಿಟಿಜನ್ ಆದೆನೆಂದು ಯಾರಿಗೂ ಸಿಹಿ ಹಂಚಲಿಲ್ಲ. ಒಂದು ಸಲ ಅವನ ಕೈಚೀಲದಿಂದ ಪಾಸ್‌ಪೋರ್ಟು ಜಾರಿಬಿತ್ತು. ನೋಡಿದರೆ ನೀಲಿ, ಅಮೆರಿಕದ್ದೇ. ಹಾಗಿದ್ದರೆ ಓಟಿನ ಮಾತೆತ್ತಿದಾಗ ಮುಖ ಯಾಕೆ ತಿರುಗಿಸುತ್ತಾನೆ?

ಉರಿಗೆ ಗಾಳಿ ಹಾಕಿದ್ದು ಪಕ್ಕದ ಮನೆ ಆಶಾರಾಣಿ.

"ನೀಲಿ ಪಾಸ್‌ಪೋರ್ಟ್ ನೋಡಿ ಮರುಳಾಗ್ಬೇಡಿ ಆಂಟಿ, ಕಳ್ಳದೂ ಸಿಗುತ್ತೆ. ಕಾಲ ಸರಿಯಿಲ್ಲ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ನಿಮ್ಮನೆ ಗಲಾಟೆ ನಮಗೆ ಸುತ್ಕೋಬಾರದು. ಅವ್ರು ಸಿಟಿಜನ್ನೋ ಅಲ್ವೋ ಕೇಳಿ ಹೇಳಿ. ಅಲ್ಲ ಅಂದ್ರೆ ಆ ಪಾಸ್‌ಪೋರ್ಟ್ ಕಳ್ಳದೇ. ನಾನೇ ಫೋನ್ ಮಾಡ್ತೀನಿ, ಅಂಥೋರನ್ನ ಹಿಡಿಸೋಕೇ ಅಂತ ಒಂದು ನಂಬರ್ ಇದೆ."

ಲಲಿತಮ್ಮ ಎರಡೂ ಕಡೆ ತೂಗಿ ನೋಡಿದರು. ಅವನು ಕಳ್ಳನಾಗಿದ್ದರೆ ಮನೆಯಲ್ಲಿ ಇಟ್ಟುಕೊಂಡ ಮಗನಿಗೆ ತೊಂದರೆ. ಕಳ್ಳನಲ್ಲದಿದ್ದರೆ, ಸುಮ್ಮನಿದ್ದ ಮನುಷ್ಯನ ಬಾಗಿಲಿಗೆ ಪೊಲೀಸರನ್ನು ತಂದ ಪಾಪ. ಓಟಿನ ದಿನ ಪರೀಕ್ಷೆ ಮಾಡಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿದರು.

"ನನ್ನನ್ನ ಓಟಿಗೆ ಕರ್ಕೊಂಡು ಹೋಗಪ್ಪ, ವಿವೇಕ ಆಫೀಸಿಗೆ ಹೋದ" ಎಂದು ಅವನ ವ್ಯಾನು ಹತ್ತಿದರು. ಓಟು ಹಾಕುವ ಶಾಲೆಯ ಪಾರ್ಕಿಂಗಿನಲ್ಲಿ ಗಾಡಿ ನಿಂತಮೇಲೆ ಬೆಲ್ಟು ಬಿಚ್ಚದೆ ಹಾಗೇ ಕೂತರು.

"ನಾನು ಹಾಕಿ ಬರ್ತೀನಿ. ಆಮೇಲೆ ಕ್ಲರ್ಕ್ ಆಫೀಸಿಗೆ ಹೋಗೋಣ. ಇವತ್ತೂ ಪಟ್ಟಿಗೆ ಹೆಸರು ಸೇರಿಸ್ಕೊಂಡು ಇವತ್ತೇ ಓಟು ಹಾಕೋಕೆ ಬಿಡ್ತಾರಂತೆ. ನೀನೂ ಒಂದು ಸೈನ್ ಹಾಕು."

ನಿರಂಜನ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. "ಇದು ನಿಮ್ಮ ಮಾತಲ್ಲ ಆಂಟಿ. ಯಾರು ಹೇಳಿಕೊಟ್ರು?"

"ಯಾಕೆ, ನನಗೇ ಬುದ್ಧಿ ಇಲ್ವಾ?"

"ಇದೆ. ಅದಕ್ಕೇ ಕೇಳ್ದೆ." ಅವನು ಅವರ ಮುಖವನ್ನೇ ಅಳೆದ. "ಸಿಟಿಜನ್ ಅಂತ ಬರೆದು ಸೈನ್ ಹಾಕಿದ್ರೆ ನಾನು ಜೈಲಿಗೆ. ನನ್ನನ್ನ ಓಡಿಸಬೇಕು ಅಂತಿದ್ರೆ ನೇರ ಹೇಳಿ, ಬೇಸ್‌ಮೆಂಟ್ ಖಾಲಿ ಮಾಡ್ತೀನಿ."

ಲಲಿತಮ್ಮ ಅವನತ್ತ ತಿರುಗಿದರು. "ಹಾಗಾದ್ರೆ ನೀನು ಸಿಟಿಜನ್ ಅಲ್ಲ."

"ಅಲ್ಲ."

"ಗ್ರೀನ್ ಕಾರ್ಡು?"

"ಇಲ್ಲ. ಅದರ ಅಗತ್ಯ ಇಲ್ಲ."

"ವೀಸಾ?"

"ಅದೂ ಬೇಡ. ನಾನು ಹುಟ್ಟಿದ್ದೇ ಅಮೆರಿಕದ ಬಾವುಟದ ಕೆಳಗೆ. ಪಾಂಗೊ ಪಾಂಗೊ ಅಂತ ಊರು."

"ತಮಾಷೆ ಮಾಡ್ತೀಯಾ? ಅದೊಂದು ಊರಿನ ಹೆಸರಾ?"

ಆಗ ಒಂದೊಂದಾಗಿ ಬಿಚ್ಚಿದ. ಅವರಪ್ಪ ಐಸು ಮಾಡುವ ಯಂತ್ರದ ಮೆಕ್ಯಾನಿಕ್. ಅಮೆರಿಕನ್ ಸಮೋವಾ ಎನ್ನುವ ದ್ವೀಪಕ್ಕೆ, ಟ್ಯೂನಾ ಮೀನು ಡಬ್ಬಿಗೆ ತುಂಬುವ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದರು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ ಇಡೀ ದಿನ ಮೀನಿನ ನಡುವೆ ದುಡಿದು, ಹೊರಗಡೆ ಬಕೆಟ್ಟು ನೀರು ಸುರಿದುಕೊಂಡೇ ಮನೆಯೊಳಗೆ ಕಾಲಿಡುತ್ತಿದ್ದರು. ನಿರಂಜನ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಚಿಂತಾಮಣಿಯಲ್ಲಿ. ಪಾಸ್‌ಪೋರ್ಟಿದೆಯೆಂದು ದೊಡ್ಡವನಾದಮೇಲೆ ಡೆಟ್ರಾಯಿಟ್‌ಗೆ ಬಂದ.

"ಈ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಅಂತ ಸಂವಿಧಾನದಲ್ಲಿದೆ ಆಂಟಿ. ಆದ್ರೆ ಕೆಲವು ದ್ವೀಪಗಳು ದೇಶಕ್ಕೆ ಸೇರಿದ್ದು ಹೌದು, ದೇಶದ ಭಾಗ ಅಲ್ಲ ಅಂತ ನೂರು ವರ್ಷದ ಹಿಂದೆ ಕೋರ್ಟು ಹೇಳಿತು. ಬೇರೆ ದ್ವೀಪದವರಿಗೆ ಆಮೇಲೆ ಕಾನೂನು ಮಾಡಿ ಪೌರತ್ವ ಕೊಟ್ರು. ನಮ್ಮದಕ್ಕೆ ಕೊಡಲಿಲ್ಲ. ಪೌರತ್ವ ಬೇಡ ಅನ್ನೋರೂ ಆ ದ್ವೀಪದಲ್ಲೇ ಇದಾರೆ, ಜಮೀನು ಹೊರಗಿನವರ ಪಾಲಾಗದ ಹಾಗೆ ಕಾಯೋ ಹಳೇ ಕಟ್ಟಳೆ ಎಲ್ಲಿ ಹೋಗುತ್ತೋ ಅಂತ ಭಯ. ಇಲ್ಲಿ ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು, ಸೈನ್ಯಕ್ಕೂ ಸೇರಬಹುದು. ಓಟು ಮಾತ್ರ ಇಲ್ಲ."

ಸಮೋವಾ. ಲಲಿತಮ್ಮನಿಗೆ ಎಲ್ಲೋ ಕೇಳಿದ ಹಾಗಿತ್ತು. ಸಿಟಿಜನ್ ಪರೀಕ್ಷೆಗೆ ಯಾರ ಸಹಾಯವೂ ಇಲ್ಲದೆ, ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿಕೊಂಡು ಓದಿದ್ದರು. ದೇಶದ ಒಂದು ಹೊರದ್ವೀಪದ ಹೆಸರು ಹೇಳಿ ಎಂಬ ಪ್ರಶ್ನೆಗೆ ಉತ್ತರಗಳು ಸಾಲಾಗಿದ್ದವು. ಚಿಕ್ಕದಿದೆ ಅಂತ ಗುವಾಮ್ ಒಂದನ್ನೇ ಬಾಯಿಪಾಠ ಮಾಡಿ ಮಿಕ್ಕವನ್ನು ಬಿಟ್ಟಿದ್ದರು. ಆ ಬಿಟ್ಟ ಹೆಸರುಗಳಲ್ಲಿ ಮನುಷ್ಯರು ಹುಟ್ಟುತ್ತಾರೆಂದು ಆಗ ಹೊಳೆದಿರಲಿಲ್ಲ.

ಆದರೂ ಅನುಮಾನ ಬಿಡಲಿಲ್ಲ. "ಪಾಸ್‌ಪೋರ್ಟ್ ತೆಗಿ."

ಅವನು ಕೈಚೀಲದಿಂದ ತೆಗೆದು ಹಿಂದಿನ ಪುಟ ಬಿಡಿಸಿ ಕೊಟ್ಟ. ಲಲಿತಮ್ಮ ಕನ್ನಡಕ ಏರಿಸಿ, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದರು. ಇದನ್ನು ಹೊಂದಿದವನು ಅಮೆರಿಕದ ನ್ಯಾಷನಲ್, ಅಮೆರಿಕದ ಸಿಟಿಜನ್ ಅಲ್ಲ ಎಂದು ಅಚ್ಚಾಗಿತ್ತು.

"ಈ ಸಾಲು ನೀನೇ ಅಚ್ಚು ಹಾಕಿಸಿದ್ದಲ್ಲ ತಾನೆ?"

ನಿರಂಜನ ಆವತ್ತು ಮೊದಲ ಸಲ ನಕ್ಕ. "ಕಳ್ಳ ಪಾಸ್‌ಪೋರ್ಟ್ ಮಾಡಿಸೋನು ಸಿಟಿಜನ್ ಅಂತಲೇ ಬರೆಸ್ತಾನೆ ಆಂಟಿ. 'ಅಲ್ಲ' ಅಂತ ಬರೆಸ್ಕೊಳ್ಳೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?"

ಲಲಿತಮ್ಮ ಪುಟವನ್ನು ಇನ್ನೊಮ್ಮೆ ನೋಡಿದರು. "ನ್ಯಾಷನಲ್ ಅಂದ್ರೆ ಕನ್ನಡದಲ್ಲಿ ಏನೋ?"

"ಗೊತ್ತಿಲ್ಲ. ಹುಡುಕಿ ಸಾಕಾಗಿದೆ."

"ಪ್ರಜೆ ಕಣೋ. ನಮ್ಮಜ್ಜ ಮೈಸೂರು ಮಹಾರಾಜರ ಪ್ರಜೆ. ಕಂದಾಯ ಕಟ್ಟೋದು, ಸವಾರಿ ಬಂದಾಗ ಕೈ ಮುಗಿಯೋದು. ಆಳೋರು ಯಾರಾಗಬೇಕು ಅಂತ ಅವನನ್ನ ಯಾರೂ ಕೇಳಲಿಲ್ಲ. ನೀನೂ ಹಂಗೇ. ಪ್ರಜೆ ಹೌದು, ನಾಗರಿಕ ಅಲ್ಲ. ಒಂದು ಅರ್ಜಿ ಹಾಕಿ ಆಗಬಾರದಾ?"

"ಹಾಕಬಹುದು. ಪರೀಕ್ಷೆ ಬರೀಬೇಕು, ನಿಷ್ಠೆಯ ಪ್ರಮಾಣ ಮಾಡಬೇಕು. ಇವರ ಬಾವುಟದ ಕೆಳಗೇ ಹುಟ್ಟಿದೋನು ಇನ್ಯಾರ ನಿಷ್ಠೆ ಬಿಟ್ಟು ಇವರ ಕಡೆ ಬರಲಿ?"

"ಹಟಮಾರಿ" ಎಂದು ಬೈದು ಲಲಿತಮ್ಮ ಇಳಿದುಹೋದರು. ಒಳಗೆ ಕೊಟ್ಟ ಚೀಟಿಯಲ್ಲಿ, ನಾನು ಅಮೆರಿಕದ ನಾಗರಿಕಳು ಎಂಬ ಸಾಲಿನ ಕೆಳಗೆ ಸೈನ್ ಹಾಕಬೇಕು. ಹಿಂದೆಲ್ಲ ಓದದೆ ಹಾಕುತ್ತಿದ್ದರು. ಆವತ್ತು ಒಂದೊಂದೇ ಪದ ಓದಿ ಆಮೇಲೆ ಹಾಕಿದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆಶಾರಾಣಿ ಬಾಗಿಲಲ್ಲಿ. ನಿರಂಜನ ಆಗಷ್ಟೇ ಬೇಸ್‌ಮೆಂಟಿನ ಮೆಟ್ಟಿಲಿಳಿದಿದ್ದ.

"ಕೇಳಿದ್ರಾ ಆಂಟಿ? ಸುತ್ತಿಬಳಸಿ ಬೇಡ. ಏನಂತೆ?"

ಲಲಿತಮ್ಮ ಅವಳ ಕೈಯಲ್ಲಿದ್ದ ಫೋನು ನೋಡಿದರು. ಹೌದೆಂದರೆ ಸುಳ್ಳು. ಅಲ್ಲವೆಂದರೆ ನಿಜ, ಆದರೆ ಆ ನಿಜ ಅವನನ್ನು ನುಂಗುತ್ತದೆ. ಮೀನಿನ ಫ್ಯಾಕ್ಟರಿಯ ಕಥೆಯೆಲ್ಲ ಹೇಳಿದರೆ, ತಾನೇ ನಂಬದಿದ್ದದ್ದನ್ನು ಇವಳು ನಂಬಿಯಾಳೇ?

"ಅಮೆರಿಕದ ಪ್ರಜೆ" ಎಂದರು.

"ಹಾಗಂದ್ರೆ ಸಿಟಿಜನ್ ತಾನೆ?"

"ಕನ್ನಡದಲ್ಲೇ ಹೇಳಿದೀನಲ್ಲ ತಾಯಿ. ಪಾಸ್‌ಪೋರ್ಟು ನಾನೇ ಕಣ್ಣಾರೆ ಓದ್ದೆ. ಇನ್ನೇನಾದ್ರೂ ಬೇಕಿತ್ತಾ?"

ಆಶಾರಾಣಿ ಅವರ ಮುಖವನ್ನೂ ಬೇಸ್‌ಮೆಂಟಿನ ಬಾಗಿಲನ್ನೂ ಒಂದೆರಡು ಸಲ ನೋಡಿ, ಫೋನು ಜೇಬಿಗೆ ಹಾಕಿಕೊಂಡು ಹೋದಳು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಮೆಟ್ಟಿಲ ತುದಿಯಲ್ಲಿ ನಿರಂಜನನ ತಲೆ ಕಂಡಿತು. "ಏನು ಹೇಳಿದ್ರಿ ಅವರಿಗೆ?" ದನಿಯಲ್ಲಿ ಇನ್ನೂ ಗುಮಾನಿ.

"ಸರ್ಕಾರ ಅಚ್ಚು ಹಾಕಿದ್ದನ್ನೇ ಹೇಳ್ದೆ" ಎಂದರು ಲಲಿತಮ್ಮ, ಬಾಗಿಲ ಚಿಲಕ ಹಾಕುತ್ತಾ. "ಮೊದಲ ಅರ್ಧ."