ಹಾಲು ಉಕ್ಕಿದ ಮನೆ

ಚನ್ನಗಿರಿಯ ಹೊಸ ಜನತಾ ಮನೆಗಳ ಬೀಗದ ಕೈ ಹಂಚುವ ಕೆಲಸ ನನ್ನದು. ಎಲ್ಲವೂ ಒಂದೇ ಅಚ್ಚಿನ ಮನೆಗಳು, ಬಾಗಿಲ ಮೇಲಿನ ನಂಬರೇ ಗುರುತು. ಮಧ್ಯಾಹ್ನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ, ಹದಿನಾಲ್ಕನೇ ಮನೆಯ ಹಾಲಮ್ಮ ಹದಿಮೂರರಲ್ಲಿ ಒಲೆ ಹೂಡಿ ಹಾಲು ಉಕ್ಕಿಸಿ ಕೂತಿದ್ದಳು. ಬೀಗದ ಕೈ ಅದಲುಬದಲಾಗಿ ಕೊಟ್ಟವನು ನಾನೇ.

"ಇದು ಬಸಪ್ಪನ ಮನೆ, ಪಕ್ಕದ್ದಕ್ಕೆ ಹೋಗ್ರಿ" ಎಂದೆ.

"ಹಾಲು ಉಕ್ಕೈತೆ ಸ್ವಾಮಿ. ಹೆಂಗೆ ಬಿಟ್ಟು ಹೋಗಾಕೆ ಆಗತೈತೆ?"

ಅವಳನ್ನು ಎಬ್ಬಿಸುತ್ತೇನೆ, ನಿಮ್ಮ ಮನೆಗೆ ನೀವು ಬನ್ನಿ ಎಂದು ಬಸಪ್ಪನಿಗೆ ಕೈಮುಗಿದೆ. ಅವನು, "ಇನ್ನೊಬ್ಬರು ಹಾಲುಕ್ಕಿಸಿದ ಮನೆಗೆ ನಾನು ಕಾಲಿಡಲ್ಲ ರೀ" ಎಂದ.

ಇಬ್ಬರದ್ದೂ ನ್ಯಾಯವೇ. ಆದರೆ ಪಟ್ಟಿ ತಿದ್ದಬೇಕಾದರೆ ಆಗಿನ ಜಿಲ್ಲಾ ಕೇಂದ್ರ ಶಿವಮೊಗ್ಗದ ಕಚೇರಿಗೇ ಹೋಗಬೇಕು, ತಪ್ಪು ಹೊರಬಿದ್ದರೆ ನನ್ನ ಹಂಗಾಮಿ ನೌಕರಿ ಉಳಿಯುತ್ತಿರಲಿಲ್ಲ. ದೂರದಲ್ಲಿ ಯಾವ ಜೀಪಿನ ಸದ್ದಾದರೂ ಸಾಹೇಬರೇ ಬಂದರೇನೋ ಎಂದು ರಸ್ತೆಗೆ ಓಡಿ ನೋಡುತ್ತಿದ್ದೆ. ಕೊನೆಗೆ ಬಣ್ಣದ ಡಬ್ಬಿ ತಂದು ಎರಡೂ ಬಾಗಿಲ ನಂಬರನ್ನೇ ಅದಲುಬದಲು ಮಾಡಿ ಬರೆದೆ. ಸಾಹೇಬರು ಪಟ್ಟಿ ಹಿಡಿದು ಹೆಸರು, ನಂಬರು ಕೇಳಿದರು. ಎಲ್ಲ ತಾಳೆಯಾಯಿತು.

ಆ ಸಾಲಿನಲ್ಲಿ ಇವತ್ತಿಗೂ ಹನ್ನೆರಡಾದ ಮೇಲೆ ಹದಿನಾಲ್ಕು, ಆಮೇಲೆ ಹದಿಮೂರು. ನಂಬರು ಬರೆದವನಿಗೆ ಎಣಿಸಾಕೆ ಬರ್ತಿರಲಿಲ್ಲ ಅಂತ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್‌ಗಳೆಲ್ಲ ಬೈಯುತ್ತಾರಂತೆ. ಬೈದುಕೊಳ್ಳಲಿ, ನೌಕರಿಯಂತೂ ಕಾಯಂ ಆಯಿತು.